ಫ್ಲೆಕ್ಸಣ್ಣನ ಗ್ಯಾರಂಟಿ

ಫ್ಲೆಕ್ಸಣ್ಣನ ಕೈಗೆ ಸಿಕ್ಕ ಬೋಳುತಲೆ ಬೋಳಾಗಿಯೇ ಆಚೆ ಹೋದದ್ದಿಲ್ಲ. ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತು ಅವನು ಮೌಸನ್ನು ಹೀಗೊಮ್ಮೆ ಹಾಗೊಮ್ಮೆ ಸವರಿದರೆ ಸಾಕು, ಮೊಮ್ಮಕ್ಕಳನ್ನು ಕಂಡವರ ನೆತ್ತಿಯ ಮೇಲೂ ಕಪ್ಪಗೆ ದಟ್ಟವಾಗಿ ಕೂದಲು ಬೆಳೆಯುತ್ತಿತ್ತು. ಕಣ್ಣ ಕೆಳಗಿನ ಚೀಲ ಮಾಯ, ಹಣೆಯ ಸುಕ್ಕು ಮಾಯ, ಎರಡನೆಯ ಗದ್ದ ಮಂಗಮಾಯ. ಅವನ ವಾರ್ಡಿನ ಪುರಸಭಾ ಸದಸ್ಯರನ್ನೇ ನೋಡಿ. ಹಿಂದಿನ ಚುನಾವಣೆಯಲ್ಲಿ ಅವರು ವೋಟು ಕೇಳಲು ಹೋದಾಗ ಒಬ್ಬ ಅಜ್ಜಿ ಬೀದಿಯ ಫ್ಲೆಕ್ಸಿನ ಕಡೆ ಕೈ ತೋರಿಸಿ, ನಿಮ್ಮ ಮಗನಿಗೇ ಹಾಕ್ತೀನಿ ಬಿಡಪ್ಪ, ಎಷ್ಟು ಲಕ್ಷಣವಾಗಿದಾನೆ ಹುಡುಗ ಎಂದಿದ್ದಳು. ಸದಸ್ಯರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ನೆಟ್ಟಗೆ ಅಂಗಡಿಗೆ ಬಂದು, ಅದೇ ಮುಖದ್ದು ಇನ್ನಷ್ಟು ಫ್ಲೆಕ್ಸು ಬೇಕೆಂದು ಆರ್ಡರ್ ಕೊಟ್ಟು ಹೋದರು.

ಅಂಗಡಿ ಇದ್ದದ್ದು ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನಲ್ಲಿ. ಉದ್ದನೆಯ ಒಂದೇ ಕೋಣೆ, ಅದರ ತುಂಬಾ ಜರ್ರೆಂದು ಅತ್ತಿಂದಿತ್ತ ಓಡುವ ಮಶೀನು, ಮೂಲೆಯಲ್ಲಿ ಗೋಡೆಗೊರಗಿ ನಿಂತ ಬಿಳಿಯ ಸುರುಳಿಗಳು, ಒಳಗೆ ಕಾಲಿಟ್ಟವರ ಮೂಗು ಹಿಡಿಸುವ ಇಂಕಿನ ವಾಸನೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಮಾಸದು, ಹರಿಯದು, ಕೊಳೆಯದು. ಗ್ಯಾರಂಟಿ!’ ಎಂದು ಬರೆದಿತ್ತು. ಬರೀ ಬಾಯಿಮಾತಲ್ಲ. ಬಾಗಿಲ ಪಕ್ಕದ ಬಕೆಟ್ಟಿನ ನೀರಿನಲ್ಲಿ ಗಿಣಿಯ ಚಿತ್ರವಿರುವ ಒಂದು ಫ್ಲೆಕ್ಸಿನ ತುಂಡನ್ನು ಅವನು ಅಂಗಡಿ ತೆರೆದ ದಿನವೇ ಮುಳುಗಿಸಿಟ್ಟಿದ್ದ. ಬಕೆಟ್ಟು ಪಾಚಿಗಟ್ಟಿತು, ಅದರ ಹಿಡಿಕೆ ಮುರಿಯಿತು, ಗಿಣಿ ಮಾತ್ರ ಹಾಗೇ ಇತ್ತು. ಯಾರಾದರೂ ಅನುಮಾನದಿಂದ ಮುಖ ಗಂಟಿಕ್ಕಿದರೆ ಅದನ್ನೆತ್ತಿ, ಅವರ ಮೈಗೆಲ್ಲ ನೀರು ಸಿಡಿಯುವಂತೆ ಕೊಡವಿ ತೋರಿಸುತ್ತಿದ್ದ.

ಈ ಗ್ಯಾರಂಟಿಯ ಹುಚ್ಚು ಅವನಿಗೆ ಸುಮ್ಮನೆ ಹತ್ತಿದ್ದಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಗೋಡೆ ಮೇಲೆ ಅಕ್ಷರ ಬರೆಯುವ ಪೇಂಟರೊಬ್ಬರ ಹತ್ತಿರ ಕೆಲಸಕ್ಕಿದ್ದ. ಕುಂಚ ತೊಳೆದು ತೊಳೆದು, ಕೊನೆಗೊಂದು ದಿನ ಗುರುಗಳು ಒಂದಿಡೀ ಗೋಡೆಯನ್ನು ಅವನ ಕೈಗೆ ಒಪ್ಪಿಸಿದ್ದರು. ಅವನು ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿ ಹಿಡಿದು ಬರೆದ. ಬಣ್ಣ ಆರುವ ಮೊದಲೇ ಮಳೆ ಬಂದು ಅಷ್ಟನ್ನೂ ತೊಳೆದುಕೊಂಡು ಹೋಯಿತು. ಕೆಂಪು ನೀಲಿ ನೀರು ಚರಂಡಿಗೆ ಹರಿಯುವುದನ್ನು ನೋಡುತ್ತ ಹುಡುಗ ಗಳಗಳನೆ ಅತ್ತಿದ್ದ. ಯಾವ ಮಳೆಯೂ ಮುಟ್ಟಲಾರದ ಕೆಲಸ ಮಾಡಬೇಕೆಂದು ಅಂದೇ ತೀರ್ಮಾನಿಸಿದ. ಮಾಡಿಯೂ ತೋರಿಸಿದ. ಅಂಗಡಿ ಹಾಕಿದ ಮೇಲೆ ಅವನ ಸ್ವಂತ ಹೆಸರನ್ನು ಊರು ಮರೆತೇಬಿಟ್ಟಿತು. ಹೆಂಡತಿಯೂ ಫೋನು ಎತ್ತಿಕೊಂಡು, ಹೌದು, ಫ್ಲೆಕ್ಸಣ್ಣನ ಮನೆಯೇ ಎನ್ನುತ್ತಿದ್ದಳು.

ಅವನಿಗಿದ್ದವಳು ಒಬ್ಬಳೇ ಮಗಳು. ಕುರ್ಚಿ ಹತ್ತಿ ಫ್ಯಾನಿಗೆ ಕೈ ಹಾಕಲು ಹೋಗಿ, ಬಿದ್ದು, ಗದ್ದಕ್ಕೊಂದು ಗಾಯದ ಗುರುತು ಮಾಡಿಕೊಂಡಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ದೊಡ್ಡವಳಾದ ಮೇಲೆ ವೈರಿಂಗ್ ಕೆಲಸವನ್ನೇ ಕಲಿತು, ಸ್ಕೂಟರಿಗೆ ಮಡಚುವ ಏಣಿ ಕಟ್ಟಿಕೊಂಡು ವಾರ್ಡು ಸುತ್ತತೊಡಗಿದಳು. ಎಲ್ಲರ ಬಾಯಲ್ಲಿ ಅವಳು ಫ್ಯೂಸ್ ಪುಟ್ಟಿ. ಅವಳು ಕಾಲಿಡದ ಮನೆಯಿರಲಿಲ್ಲ. ಏಣಿಯ ಮೇಲೆ ನಿಂತು ತಂತಿ ಸುತ್ತುತ್ತ ಸುತ್ತುತ್ತ ಕೆಳಗಿದ್ದವರಿಗೆ, ಬೀದಿ ದೀಪ ಯಾಕೆ ಉರಿಯುತ್ತಿಲ್ಲ, ಚರಂಡಿ ಯಾಕೆ ಹರಿಯುತ್ತಿಲ್ಲ ಎಂದು ಭಾಷಣ ಬಿಗಿಯುತ್ತಿದ್ದಳು. ಅವಳು ಇಳಿಯುವತನಕ ಮನೆಯಲ್ಲಿ ಕರೆಂಟಿಲ್ಲವಾದ್ದರಿಂದ ಎಲ್ಲರೂ ಕೇಳಲೇಬೇಕಿತ್ತು.

ಆ ವರ್ಷದ ಮಳೆಗೆ ಹಿಂದಿನ ಬೀದಿಯ ಮನೆಗಳಿಗೆಲ್ಲ ಚರಂಡಿ ನೀರು ನುಗ್ಗಿತು. ಪುಟ್ಟಿ ತನ್ನ ವಯಸ್ಸಿನವರನ್ನು ಸೇರಿಸಿಕೊಂಡು ಚರಂಡಿಯ ಚಪ್ಪಡಿ ಎಬ್ಬಿಸಿದಳು. ಒಳಗೆ ಅಡ್ಡವಾಗಿದ್ದದ್ದು ಕಲ್ಲಲ್ಲ, ಮಣ್ಣಲ್ಲ, ಮುಖಗಳು. ಒಂದನ್ನು ಎಳೆದರೆ ಅದರ ಕೆಳಗೆ ಇನ್ನೊಂದು. ಹೋದ ಚುನಾವಣೆಯವರು, ಅದರ ಹಿಂದಿನವರು, ಪಕ್ಷ ಬಿಟ್ಟವರು, ಲೋಕವನ್ನೇ ಬಿಟ್ಟವರು, ಎಲ್ಲರೂ ಕೆಸರಿನಲ್ಲಿ ತಲೆತುಂಬ ಕೂದಲಿಟ್ಟುಕೊಂಡು ನಗುತ್ತಿದ್ದರು. ಪ್ರತಿಯೊಂದರ ಮೂಲೆಯಲ್ಲೂ ಫ್ಲೆಕ್ಸಣ್ಣನ ಅಂಗಡಿಯ ಹೆಸರು. ಗೆಳತಿಯೊಬ್ಬಳು ಅದನ್ನು ಜೋರಾಗಿ ಓದಿಬಿಟ್ಟಳು. ಪುಟ್ಟಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕೆಸರು ಸುರಿಯುತ್ತಿದ್ದ ಒಂದು ಮುಖವನ್ನು ತಂದು ಅಪ್ಪನ ಮೇಜಿನ ಮೇಲೆ ಒಗೆದಳು. ಅಪ್ಪ ಕನ್ನಡಕ ಏರಿಸಿ, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ನೋಡಿ ಎದೆಯುಬ್ಬಿಸಿದ. ಎಷ್ಟು ವರ್ಷದ ಮಾಲು, ಒಂದು ಚುಕ್ಕಿ ಬಣ್ಣ ಹೋಗಿದೆಯೇ ಹೇಳು ಎಂದ.

ಮಾರನೆಯ ವಾರ ಪುಟ್ಟಿ ಪುರಸಭೆಯ ಚುನಾವಣೆಗೆ ಹೆಸರು ಕೊಟ್ಟು ಬಂದಳು. ಪಕ್ಷವಿಲ್ಲ, ದೊಡ್ಡವರ ಬೆನ್ನಾಸರೆಯಿಲ್ಲ, ಇದ್ದದ್ದು ಸ್ಕೂಟರು ಸೈಕಲ್ಲುಗಳ ಒಂದು ಹುಡುಗರ ದಂಡು. ಅವಳು ಕೊಟ್ಟ ಮಾತೂ ಒಂದೇ. ಗೆದ್ದರೆ ಈ ಊರಿನಲ್ಲಿ ಫ್ಲೆಕ್ಸು ಇರುವುದಿಲ್ಲ, ಗೆಲ್ಲುವುದಕ್ಕೂ ಒಂದೇ ಒಂದು ಫ್ಲೆಕ್ಸು ಕಟ್ಟುವುದಿಲ್ಲ. ಊರು ಕಣ್ಣುಕಣ್ಣು ಬಿಟ್ಟಿತು. ಫ್ಲೆಕ್ಸಣ್ಣನ ಮಗಳು!

ಫ್ಲೆಕ್ಸಣ್ಣನ ಅವಸ್ಥೆ ಯಾರಿಗೂ ಬೇಡ. ಅವಳು ಗೆದ್ದರೆ ಅವನ ಮಶೀನು ನಿಲ್ಲುತ್ತದೆ, ಸೋತರೆ ಅವನ ಮಗಳು ಸೋತಳು. ಎರಡೂ ಆಗದಂತೆ ಒಂದು ಚುನಾವಣೆ ನಡೆಸಲು ಬರುತ್ತದೆಯೇ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಕೈ ತುರಿಸುತ್ತಿದ್ದದ್ದು. ಪುಟ್ಟಿಯ ಗೆಳೆಯರು ಹಳೆಯ ಬೆಡ್‌ಶೀಟುಗಳ ಮೇಲೆ ಬಣ್ಣದಲ್ಲಿ ಬರೆದು ಹಿಡಿದುಕೊಂಡು ಹೋಗುತ್ತಿದ್ದರು. ಅಕ್ಷರಗಳೆಲ್ಲ ಇಳಿಜಾರಿನಲ್ಲಿ ಒಂದರ ಮೇಲೊಂದು ಜಾರಿ ಬಿದ್ದಂತೆ ಕಾಣುತ್ತಿದ್ದವು. ಒಂದು ಬೆಡ್‌ಶೀಟಿನಲ್ಲಂತೂ ಜಾಗ ಸಾಲದೆ ಕೊನೆಯ ಪದ ಹಿಂಬದಿಗೆ ಹೋಗಿತ್ತು. ಅಂಗಡಿಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ ಫ್ಲೆಕ್ಸಣ್ಣನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಒಂದೇ ಒಂದು, ಚಿಕ್ಕದು, ನಮ್ಮ ಮನೆ ಗೇಟಿಗಾದರೂ ಎಂದು ಮಗಳನ್ನು ಗೋಗರೆದ. ಜಪ್ಪಯ್ಯ ಎಂದರೂ ಅವಳು ಒಪ್ಪಲಿಲ್ಲ.

ಇತ್ತ ಮತ್ತೆ ಕಣಕ್ಕಿಳಿದಿದ್ದ ಸದಸ್ಯರ ಆರ್ಡರುಗಳು ಮಶೀನಿಗೆ ಉಸಿರಾಡಲು ಬಿಡದಂತೆ ಬರುತ್ತಿದ್ದವು. ಹೆಂಡತಿ ಊಟದ ಹೊತ್ತಿಗೆ ಚುಚ್ಚಿದಳು.

"ಮನೇಲಿ ಮಗಳಿಗೆ ಬಡಿಸ್ತೀರಿ, ಅಂಗಡೀಲಿ ಅವರಿಗೆ ಕೂದಲು ಬೆಳೆಸ್ತೀರಿ. ನೀವು ಯಾರ ಕಡೆ ಅಂತ ನನಗಾದ್ರೂ ಹೇಳಿ."

ಆ ಮಾತು ನಾಟಿತು. ಊರಿನ ಅಡ್ನಾಡಿಗಳ ಮುಖವನ್ನೆಲ್ಲ ಸರ್ಕಲ್ಲಿನಲ್ಲಿ ಏರಿಸಿದ ಕೈ, ಸ್ವಂತ ಮಗಳ ಮುಖವನ್ನು ಒಂದು ಸಲವೂ ಏರಿಸಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ಚುನಾವಣೆ ಹತ್ತಿರವಾಗುತ್ತಿದ್ದ ಒಂದು ಮಧ್ಯಾಹ್ನ, ಪುಟ್ಟಿ ಯಾರದೋ ಮನೆಯ ಪಂಪಿನ ಸ್ವಿಚ್ಚು ಬಿಚ್ಚುತ್ತಿದ್ದ ಹೊತ್ತಿನಲ್ಲಿ, ಅವನು ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ಕುಳಿತ. ಒಂದೇ ಒಂದು ಫ್ಲೆಕ್ಸು. ನೋಡಿದ ಮೇಲೆ ಅವಳ ಮನಸ್ಸೂ ಕರಗುತ್ತದೆ ಎಂದುಕೊಂಡ. ಅಪ್ಪಂದಿರ ಲೆಕ್ಕಾಚಾರಗಳು ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತವೆ.

ಹೆಂಡತಿಯ ಫೋನಿನಿಂದ ಮಗಳು ನಗುತ್ತಿರುವ ಫೋಟೊ ತೆಗೆದುಕೊಂಡ. ಕೈ ತಾನಾಗಿ ಕೆಲಸ ಶುರು ಮಾಡಿತು. ಗದ್ದದ ಗಾಯದ ಗುರುತು ಹೋಯಿತು, ಬಿಸಿಲಿಗೆ ಕಂದಿದ ಕೆನ್ನೆ ಬೆಳ್ಳಗಾಯಿತು, ವಕ್ರ ಹಲ್ಲು ನೆಟ್ಟಗಾಯಿತು. ‘ನಮ್ಮನೆ ಮಗಳು, ನಿಮ್ಮನೆ ಬೆಳಕು’ ಎಂದು ಬರೆದ. ಬರೆದು ಹಿಂದೆ ಸರಿದು ನೋಡಿದರೆ ಎಲ್ಲ ಚೆನ್ನಾಗಿದೆ, ಕೆಳಗೆ ಮಾತ್ರ ಬೋಳುಬೋಳು. ಯಾವ ಫ್ಲೆಕ್ಸಿನ ಕೆಳಗೂ ಶುಭಕೋರುವವರ ಪುಟ್ಟ ಮುಖಗಳ ಒಂದು ಸಾಲು ಇರಬೇಕು, ಇಲ್ಲದಿದ್ದರೆ ಅದು ಫ್ಲೆಕ್ಸೇ ಅಲ್ಲ ಎನ್ನುವುದು ಅವನ ಕಸುಬಿನ ನಿಯಮ. ಹಳೆಯ ಕೆಲಸದಿಂದ ಆ ಸಾಲನ್ನು ಎತ್ತಿ ತಂದು ಕೆಳಗೆ ಕೂರಿಸಿದ. ಯಾರ ಮುಖಗಳೆಂದು ನೋಡಲೂ ಇಲ್ಲ. ದಿನವೂ ತೀಡಿ ತಿದ್ದುವ ಮುಖಗಳು, ಅವನ್ನೇನು ನೋಡುವುದು? ಮಶೀನು ಜರ್ರೆಂದು ಓಡಿತು.

ಬೆಳಿಗ್ಗೆ ಏಣಿಯವನು, ಅಂದರೆ ಅಂಗಡಿಯ ಫ್ಲೆಕ್ಸುಗಳನ್ನೆಲ್ಲ ಕಂಬಕ್ಕೆ ಕಟ್ಟುವ ಮಧ್ಯವಯಸ್ಸಿನ ಆಳು, ಅದನ್ನು ಸರ್ಕಲ್ಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಕಟ್ಟಿ, ಉಳಿದ ಕೆಲಸಕ್ಕೆಂದು ಸೈಕಲ್ ಹತ್ತಿ ಹೋದ. ಫ್ಲೆಕ್ಸಣ್ಣ ಒಳಗೆ ಕುಳಿತು ಹೊರಗಿನ ಸದ್ದಿಗೆ ಕಿವಿ ನಿಮಿರಿಸಿದ. ಜನ ಸೇರುತ್ತಿದ್ದರು. ಆಮೇಲೆ ನಗತೊಡಗಿದರು. ಮೆಚ್ಚಿ ನಗುವುದು ಬೇರೆ, ಹೊಟ್ಟೆ ಹಿಡಿದು ನಗುವುದು ಬೇರೆ. ಇದು ಎರಡನೆಯದು. ಅವನು ಹೊರಗೆ ಬಂದು ಕತ್ತೆತ್ತಿದ. ಮಗಳ ಬೃಹತ್ ಮುಖದ ಕೆಳಗೆ, ಶುಭಕೋರುವವರ ಸಾಲಿನ ನಟ್ಟನಡುವೆ, ತಾನೇ ಬೆಳೆಸಿದ ಕೂದಲಿನ ಅಡಿಯಲ್ಲಿ, ಮಗಳ ಎದುರಾಳಿ ಸದಸ್ಯರು ಹಲ್ಲುಬಿಟ್ಟು ನಗುತ್ತಿದ್ದರು.

ಸ್ಕೂಟರು ಬಂದು ನಿಂತಿತು. ಪುಟ್ಟಿ ಹೆಲ್ಮೆಟ್ಟು ತೆಗೆದು ಮೇಲೆ ನೋಡಿದಳು. ಟೀ ಅಂಗಡಿಯವನು ಬೇಕೆಂದೇ ಗಟ್ಟಿಯಾಗಿ, ಫ್ಲೆಕ್ಸು ಬೇಡ ಅಂದವರದ್ದೇ ಊರಿಗೆಲ್ಲ ದೊಡ್ಡ ಫ್ಲೆಕ್ಸು ಎಂದ. ಅವಳ ಗೆಳೆಯರ ಮುಖಗಳು ಸಣ್ಣಗಾದವು. ಇದು ನನ್ನದಲ್ಲ, ಅಪ್ಪನ ಕಿತಾಪತಿ ಎಂದು ಅವಳು ಒಂದು ಮಾತು ಹೇಳಿದ್ದರೆ ಊರು ನಂಬುತ್ತಿತ್ತು, ನಕ್ಕು ಮರೆಯುತ್ತಿತ್ತು. ಅವಳು ಅಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ನಮ್ಮ ಮನೆಯಿಂದ ತಪ್ಪಾಗಿದೆ. ನಾವೇ ಇಳಿಸ್ತೀವಿ," ಎಂದಳು.

ಇಳಿಸುವುದು ಅಷ್ಟು ಸುಲಭವಾಗಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ಸದಸ್ಯರೇ ಬಂದಿಳಿದರು. ಮೊದಲು ಕೆಂಡವಾದರು. ಆಮೇಲೆ ಏನೋ ಹೊಳೆದು ಮುಖ ಅರಳಿತು. ಚುನಾವಣೆಯ ಹೊತ್ತಿನಲ್ಲಿ ಅಭ್ಯರ್ಥಿಯ ಚಿತ್ರ ಹರಿದರೆ ಅದು ಅಪರಾಧ, ತಮ್ಮ ಮುಖವನ್ನು ಯಾರೂ ಮುಟ್ಟಕೂಡದು, ಅದು ಅಲ್ಲೇ ಇರಬೇಕು ಎಂದು ಪಟ್ಟು ಹಿಡಿದರು. ಆ ಹುಡುಗಿಯ ಮಾತು ಎಷ್ಟು ಗಟ್ಟಿ ಎಂದು ಊರು ದಿನವೂ ಕತ್ತೆತ್ತಿ ನೋಡಲಿ ಎನ್ನುವುದು ಅವರ ಒಳಗಿನ ಆಸೆ. ಎಲ್ಲರೂ ಅವರ ಮುಖ ನೋಡಿದರು, ಮೇಲಿನ ಮುಖ ನೋಡಿದರು. ಆ ಅಜ್ಜಿಯೂ ಗುಂಪಿನಲ್ಲಿದ್ದಳು. ಮಗನ ಫೋಟೊಗೆ ಅಪ್ಪ ಯಾಕೆ ಜಗಳ ಆಡ್ತಾನೆ ಎಂದು ಪಕ್ಕದವಳನ್ನು ಕೇಳಿದಳು.

ಪುಟ್ಟಿಯ ತುಟಿಯಂಚಿನಲ್ಲಿ ನಗು ಮೂಡಿತು.

"ಅವರ ಮುಖ ಅವರದು, ಇರ್ಲಿ. ನನ್ನ ಮುಖ ನನ್ನದಲ್ವಾ? ಅಪ್ಪ, ಅದನ್ನ ಮಾತ್ರ ಕತ್ತರಿಸಿಬಿಡು."

ಫ್ಲೆಕ್ಸಣ್ಣ ಇಷ್ಟು ವರ್ಷದಲ್ಲಿ ಒಮ್ಮೆಯೂ ಏಣಿ ಹತ್ತಿದವನಲ್ಲ. ಎತ್ತರವೆಂದರೆ ಅವನಿಗೆ ಭಯ. ಈಗ ಜೇಬಿನಲ್ಲಿ ಕಟರು ಇಟ್ಟುಕೊಂಡು, ಮಗಳ ಏಣಿಯನ್ನೇ ಒರಗಿಸಿ, ಒಂದೊಂದೇ ಮೆಟ್ಟಿಲು ಕಾಲಿನಿಂದ ತಡಕುತ್ತ ಏರಿದ. ಬುಡವನ್ನು ಪುಟ್ಟಿ ಎರಡೂ ಕೈಯಿಂದ ಹಿಡಿದುಕೊಂಡಳು. ಮೇಲೆ ಹೋದವನಿಗೆ ಮಗಳ ಮುಖ ಮೂಗಿಗೆ ಮೂಗು ತಾಗುವಷ್ಟು ಹತ್ತಿರವಾಯಿತು. ಎಂಥ ಚಂದದ ಕೆಲಸ, ಎಷ್ಟು ನಯವಾದ ಕೆನ್ನೆ! ಕತ್ತರಿಸಲು ಕೈ ಬರಲಿಲ್ಲ. ಕೆಳಗೆ ನೋಡಿದ. ಅಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗದ್ದದ ಮೇಲೆ ಗಾಯದ ಗುರುತಿದ್ದ ಒಂದು ಮುಖ ಅವನು ಬೀಳದಂತೆ ಏಣಿ ಹಿಡಿದು ನಿಂತಿತ್ತು. ಫ್ಲೆಕ್ಸಣ್ಣ ಕಟರು ಹಾಕಿದ.

ಕತ್ತರಿಸಿದ ಮುಖವನ್ನು ಹಿಡಿದುಕೊಳ್ಳುವುದರೊಳಗೆ ಗಾಳಿ ಕಿತ್ತುಕೊಂಡಿತು. ಅದು ಮನೆಗಳ ಮಾಡಿನಾಚೆ ಹಾರಿ ಎಲ್ಲಿಗೋ ಹೋಯಿತು. ಅವನ ಗಮನ ಏಣಿ ಇಳಿಯುವುದರಲ್ಲಿತ್ತು, ಯಾರೂ ಅದರ ಹಿಂದೆ ಓಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಉಳಿದದ್ದನ್ನು. ಫ್ಲೆಕ್ಸಿನ ನಡುವೆ ದೊಡ್ಡದೊಂದು ತೂತು, ತೂತಿನ ತುಂಬಾ ಆಕಾಶ, ಕೆಳಗೆ ಸಾಲಾಗಿ ನಿಂತು ಆ ತೂತಿಗೆ ನಗುನಗುತ್ತ ಶುಭ ಕೋರುತ್ತಿರುವ ಸದಸ್ಯರು ಮತ್ತು ಬಳಗ. ಸರ್ಕಲ್ಲಿನಲ್ಲಿ ಎದ್ದ ನಗು ಪುರಸಭೆಯ ಕಚೇರಿಯವರೆಗೂ ಕೇಳಿಸಿತಂತೆ. ಸಂಜೆಯ ಸಭೆಯನ್ನು ಪುಟ್ಟಿ ಆ ತೂತಿನ ಕೆಳಗೇ ಮಾಡಿದಳು. ಮತದಾನದ ದಿನದವರೆಗೂ ಅದು ಅಲ್ಲೇ ಇತ್ತು. ಈ ನಡುವೆ ಅದನ್ನು ತೆಗೆಯಿರೆಂದು ಸದಸ್ಯರೇ ಹೇಳಿ ಕಳಿಸಿದರು. ಹರಿದರೆ ಅಪರಾಧವಲ್ಲವೇ ಸ್ವಾಮಿ ಎಂದು ಫ್ಲೆಕ್ಸಣ್ಣ ವಿನಯದಿಂದ ಉತ್ತರ ಕೊಟ್ಟ.

ಪುಟ್ಟಿ ಗೆದ್ದಳು. ಅಂತರ ದೊಡ್ಡದೇನಲ್ಲ, ಕೂದಲೆಳೆಯಷ್ಟು. ಫ್ಲೆಕ್ಸಣ್ಣ ಸುದ್ದಿ ಕೇಳಿ ಮಶೀನಿನ ಹಿಂದೆ ಹೋಗಿ ಅತ್ತ. ಇಂಕಿನ ಕೈಯಿಂದ ಕಣ್ಣೊರೆಸಿಕೊಂಡದ್ದರಿಂದ ಮುಖವೆಲ್ಲ ನೀಲಿಯಾಗಿ, ಅಭಿನಂದಿಸಲು ಬಂದವರು ಹೌಹಾರಿದರು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಪುರಸಭೆಯ ಒಂದು ಸಭೆ ಕಳೆಯಿತು, ಇನ್ನೊಂದು ಕಳೆಯಿತು, ಪುಟ್ಟಿ ಬೀದಿ ದೀಪದ ಬಗ್ಗೆ ಮಾತಾಡಿದಳು, ನಲ್ಲಿ ನೀರಿನ ಬಗ್ಗೆ ಜಗಳವಾಡಿದಳು, ಫ್ಲೆಕ್ಸಿನ ಸುದ್ದಿ ಮಾತ್ರ ಎತ್ತಲಿಲ್ಲ. ಅವಳ ಗೆಳೆಯರು ಮೊದಲು ತಮಾಷೆ ಮಾಡಿದರು, ಆಮೇಲೆ ಮನೆಗೆ ಬರುವುದು ಕಡಿಮೆ ಮಾಡಿದರು. ಕುರ್ಚಿ ಸಿಕ್ಕಿದ ಮೇಲೆ ಎಲ್ಲರೂ ಒಂದೇ ಎಂದು ಟೀ ಅಂಗಡಿಯವನು ತೀರ್ಪು ಕೊಟ್ಟ. ಫ್ಲೆಕ್ಸಣ್ಣನ ಮಶೀನು ಓಡುತ್ತಲೇ ಇತ್ತು. ಅವನು ಯಾವುದನ್ನೂ ಕೇಳಲು ಹೋಗಲಿಲ್ಲ, ಕೇಳದಿದ್ದರೇ ಒಳ್ಳೆಯದೆಂದು ಒಳಗೊಳಗೇ ಗೊತ್ತಿತ್ತು. ಕೊನೆಗೆ ಹೆಂಡತಿಯೇ ಬಾಯಿಬಿಟ್ಟಳು.

"ಸಭೇಲಿ ಫ್ಲೆಕ್ಸು ಬೇಡ ಅಂತ ಕೈ ಎತ್ತೋಕೆ ಹೋದ್ರೆ ಅವಳಿಗೆ ಮಶೀನಿನ ಸದ್ದು ಕಿವೀಲಿ ಕೇಳತ್ತಂತೆ. ಅದು ನಿಂತ್ರೆ ಅಪ್ಪನ ಮುಖ ಹೇಗೆ ನೋಡ್ಲಿ ಅಂತಾಳೆ."

ಫ್ಲೆಕ್ಸಣ್ಣನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ಅಂಗಡಿಗೆ ಹೊರಟ.

ಮಳೆ ಹಿಡಿಯಿತು. ಹಿಂದಿನ ಬೀದಿಯಲ್ಲಿ ಮತ್ತೆ ನೀರು ನಿಂತಿತು. ಸದಸ್ಯೆಯಾದರೇನು, ಪುಟ್ಟಿ ಪ್ಯಾಂಟು ಮಡಚಿ ಚರಂಡಿಗಿಳಿದಳು. ಈ ಸಲ ದಂಡಿನಲ್ಲಿ ಅರ್ಧ ಜನವೂ ಇರಲಿಲ್ಲ. ಅದನ್ನು ಕಂಡು ಫ್ಲೆಕ್ಸಣ್ಣ ಅಂಗಡಿ ಬಿಟ್ಟು ಬಂದು ತಾನೂ ಇಳಿದ. ತಾನು ಹುಟ್ಟಿಸಿದ ಮುಖಗಳನ್ನು ತಾನೇ ಎಳೆಯತೊಡಗಿದ. ಒಂದು ಬಲವಾಗಿ ಸಿಕ್ಕಿಕೊಂಡಿತ್ತು. ಇಬ್ಬರೂ ಸೇರಿ ಜಗ್ಗಿದಾಗ ಗಳಕ್ಕೆಂದು ಮೇಲೆ ಬಂತು, ಅದರ ಹಿಂದೆಯೇ ನಿಂತ ನೀರು ಭರ್ರೆಂದು ಹರಿಯಿತು. ದುಂಡಗೆ ಕತ್ತರಿಸಿದ ಒಂದೇ ಮುಖ. ಮಳೆಹನಿ ಬಿದ್ದು ಕೆಸರು ಜಾರುತ್ತ ಹೋದಂತೆ ಬಿಳಿಯ ಕೆನ್ನೆ ಕಂಡಿತು, ನೆಟ್ಟನೆಯ ಹಲ್ಲು ಕಂಡಿತು.

"ಇವಳು ಯಾರಪ್ಪ?" ಎಂದಳು ಪುಟ್ಟಿ. ಕೇಳಿದ ಮೇಲೆ ಗುರುತು ಸಿಕ್ಕಿತು.

ಫ್ಲೆಕ್ಸಣ್ಣ ಅಭ್ಯಾಸಬಲದಿಂದ ಅದನ್ನು ಅಂಗಿಯ ತೋಳಿನಿಂದ ಒರೆಸಿ ಬೆಳಕಿಗೆ ಹಿಡಿದ. ಒಂದು ಚುಕ್ಕಿ ಬಣ್ಣ ಹೋಗಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಗ್ಯಾರಂಟಿಯನ್ನು ಕಂಡು ಹೆದರಿಕೆಯಾಯಿತು. ಊರವರ ಮುಖಗಳು ಚರಂಡಿಯಲ್ಲಿ ಎಷ್ಟೇ ವರ್ಷ ನಕ್ಕರೂ ಅವನಿಗೆ ಏನೂ ಅನ್ನಿಸಿರಲಿಲ್ಲ. ಇದು ತನ್ನ ಕೂಸು.

"ಇವಳು ಇನ್ನೂ ಎಷ್ಟು ವರ್ಷ ಹೀಗೇ ಇರ್ತಾಳೆ?" ಎಂದು ಮಗಳನ್ನು ಕೇಳಿದ.

"ನೀನು, ನಾನು, ನನ್ನ ಮಕ್ಕಳು, ಎಲ್ಲ ಹೋದ್ಮೇಲೂ ಇರ್ತಾಳೆ. ಇಲ್ಲೇ ಎಲ್ಲೋ ನೀರಿಗೆ ಅಡ್ಡ ಮಲಗಿರ್ತಾಳೆ."

ಅವನು ಆ ಮುಖವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಮುಂದಿನ ಸಭೇಲಿ ಕೈ ಎತ್ತು ಪುಟ್ಟಿ. ನನ್ನ ಮುಖ ನೋಡೋಕಾಗಲ್ಲ ಅನ್ನಿಸಿದ್ರೆ ಇವಳ ಮುಖ ನೆನಪು ಮಾಡ್ಕೋ."

ಪುಟ್ಟಿ ಕೆಸರುಗೈಯಿಂದಲೇ ಅವನ ತೋಳು ಹಿಡಿದುಕೊಂಡಳು. ಸಭೆಯಲ್ಲಿ ಅವಳು ಕೈಯೆತ್ತಿದ ದಿನ ಫ್ಲೆಕ್ಸಣ್ಣ ಮಶೀನು ನಿಲ್ಲಿಸಿದ. ಮುಂದೇನು ಮಾಡುವುದೋ ಅವನಿಗೆ ಗೊತ್ತಿರಲಿಲ್ಲ. ಬಟ್ಟೆಯ ಮೇಲೆ ಅಕ್ಷರ ಬರೆಯೋಣವೆಂದು ಕುಂಚ ಹಿಡಿದರೆ ಅವನ ಸಾಲು ಆ ಹುಡುಗರ ಬೆಡ್‌ಶೀಟಿಗಿಂತ ಜೋರಾಗಿ ಜಾರುತ್ತಿತ್ತು. ಇರಲಿ, ನೋಡೋಣ ಎಂದುಕೊಂಡು ಅಂಗಡಿಯ ಬೋರ್ಡು ಇಳಿಸಿದ. ಬಕೆಟ್ಟಿನ ಪಾಚಿನೀರು ಚೆಲ್ಲಿ ಗಿಣಿಯನ್ನು ಹೊರಗೆ ತೆಗೆದ. ಎಸೆಯಲು ಹೊರಟವನು ಕಸದ ತೊಟ್ಟಿಯವರೆಗೆ ಹೋಗಿ ವಾಪಸು ಬಂದ. ಮಣ್ಣಲ್ಲಿ ಹೂಳೋಣವೆಂದು ಮನೆಯ ಹಿತ್ತಲಿಗೆ ಹೋದವನು ಅಲ್ಲಿಂದಲೂ ವಾಪಸು ಬಂದ. ಒಲೆಗೆ ಹಾಕಲು ಹೆಂಡತಿ ಬಿಡಲಿಲ್ಲ. ಪುಟ್ಟಿ ಸಭೆ ಮುಗಿಸಿ ಸ್ಕೂಟರು ನಿಲ್ಲಿಸುವಾಗ ಅವನು ನೀರು ತೊಟ್ಟಿಕ್ಕುವ ಗಿಣಿಯನ್ನು ಹಿಡಿದು ಮನೆಯ ಬಾಗಿಲಲ್ಲೇ ನಿಂತಿದ್ದ.

"ಇದನ್ನ ಎಲ್ಲಿ ಹಾಕ್ಲಿ ಪುಟ್ಟಿ?"

"ಅದನ್ನೇ ಅಪ್ಪ, ನಾನೂ ಇವತ್ತು ಸಭೇಲಿ ಎಲ್ಲರನ್ನೂ ಕೇಳಿದ್ದು," ಎಂದು ಅವಳು ಹೆಲ್ಮೆಟ್ಟು ತೆಗೆದಳು.

ಅಪ್ಪ ಮಗಳು ಗಿಣಿಯನ್ನು ಮೆಟ್ಟಿಲ ಮೇಲಿಟ್ಟು, ಅದರ ಎರಡು ಬದಿಗೆ ಕುಳಿತು ಯೋಚಿಸತೊಡಗಿದರು.